ನಾನು ಮಾಡಿದ ಹನ್ನೆರಡು ಮುಖವಾಡ

ಧೂಳುಗಾಳಿ ಬರುತ್ತದೆಂದು ಮೊನ್ನೆ ಕಿಟಕಿಯ ಸಂದಿಗೆ ಪೇಪರ್ ಅಂಟಿಸಲು ಮೈದಾ ಅಂಟು ಕುದಿಸಿದೆ. ಆ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ಮೇಲಿನ ಮಹಡಿಯ ಟೀಚರ್ ನೆನಪಾದರು. ಸೌಟು ಕೈಯಲ್ಲೇ ಉಳಿಯಿತು, ಅಂಟು ತಳ ಹಿಡಿಯಿತು...

ತೊಂಬತ್ತರ ದಶಕದ ಕೊನೆಯ ಮಾತು. ಇಲ್ಲಿ ಗಲ್ಫಿನಲ್ಲಿ, ಸಾಲ್ಮಿಯಾದ ಇದೇ ಕಟ್ಟಡ. ಮೈಸೂರು ಕಡೆಯ ಟೀಚರ್ ಇಲ್ಲಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ರಜೆಯ ದಿನವಾದ ಶುಕ್ರವಾರ ನಾನು ಇಗರ್ಜಿಯಿಂದ ಬಂದ ಮೇಲೆ ನಾವು ನಾಲ್ಕು ಜನ ಹೆಂಗಸರು ಅವರ ಮನೆಯಲ್ಲಿ ಕೂತು ಹಳೇ ಗ್ರೀಕರ ದುರಂತ ನಾಟಕ ಓದುತ್ತಿದ್ದೆವು. ಪಿಯುಸಿಗೇ ಓದು ನಿಲ್ಲಿಸಿದವಳಿಗೆ ಅದು ದೇವರು ಕೊಟ್ಟ ಕೃಪೆ. ಬೇರೆ ದೇವರುಗಳ ಕಥೆಯೆಂದು ಮೊದಲು ಹಿಂಜರಿದಿದ್ದೆ. ಆ ಗ್ರೀಕರಿಗೆ ನಾಟಕ ಮೋಜಲ್ಲ, ದ್ರಾಕ್ಷಾರಸದ ದೇವರ ಹಬ್ಬದಲ್ಲಿ ಸಲ್ಲಿಸುವ ಸೇವೆ, ಆಡುವ ಜಾಗದಲ್ಲೇ ಬಲಿಪೀಠ ಇರುತ್ತಿತ್ತು ಎಂದು ಟೀಚರ್ ಹೇಳಿದ ಮೇಲೆ ಸಮಾಧಾನವಾಯಿತು. ನಮ್ಮೂರಲ್ಲಿ ಹರಕೆಯ ಬಯಲಾಟ ಆಡಿಸುತ್ತಾರಲ್ಲ, ಹಾಗೆ. ಗ್ರೀಕರ ಆಟದಲ್ಲಿ ಮುಖವಾಡ ಹಾಕಿದ ಹನ್ನೆರಡು ಮಂದಿಯ ಮೇಳ ಒಂದೇ ದನಿಯಲ್ಲಿ ಹೇಳುತ್ತದೆ. ಸಾವನ್ನು ಕಣ್ಣಿಗೆ ತೋರಿಸುವುದಿಲ್ಲ, ಯಾರೋ ಬಂದು ತಿಳಿಸುತ್ತಾರೆ...

ಒಂದು ಶುಕ್ರವಾರ, ಬೇಡಿದ್ದನ್ನು ದೇವರು ಕೊಟ್ಟೇಬಿಟ್ಟು ಅದೇ ಶಿಕ್ಷೆಯಾಗುವ ಕಥೆ ಓದಿದೆವು. ಉಳಿದವರು ಹೋದರೂ ನಾನು ಏಳಲಿಲ್ಲ.

"ಏನ್ರೀ, ಮುಖ ಯಾಕೆ ಹಿಂಗಾಗಿದೆ?" ಎಂದರು ಟೀಚರ್.

ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಬಿಟ್ಟರೆ ಯಾರಿಗೂ ಹೇಳದ್ದನ್ನು ಹೇಳಿದೆ. ಹಾಸಿಗೆ ಹಿಡಿದ ಅತ್ತೆಯನ್ನು ಊರಿನಲ್ಲಿ ಒಂದು ವರ್ಷ ನೋಡಿಕೊಂಡಿದ್ದೆ. ನನ್ನನ್ನು ಕರೆಯಲೆಂದು ಗಂಡ ಇಲ್ಲಿಂದ ಅವರಿಗೊಂದು ಹಿತ್ತಾಳೆ ಗಂಟೆ ಕಳಿಸಿದ್ದರು. ಹಗಲೂ ರಾತ್ರಿ ಅದರ ಸದ್ದು. ಒಂದು ಮಧ್ಯಾಹ್ನ, ದೇವರೇ ಸ್ವಲ್ಪ ನಿದ್ದೆ ಕೊಡು ಎಂದು ಬೇಡಿ, ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಮಲಗಿದೆ. ನಿದ್ದೆ ಬಂತು. ಎದ್ದು ನೋಡಿದರೆ ಅತ್ತೆ ತಣ್ಣಗಾಗಿದ್ದರು.

ಟೀಚರ್ ನನ್ನ ಕೈ ಹಿಡಿದುಕೊಂಡರು. "ನನ್ನ ಹತ್ರಾನೇ ಇರುತ್ತೆ, ಬಿಡಿ."

ಮುಂದಿನ ಚಳಿಗಾಲ ಕನ್ನಡಿಗರ ಕಾರ್ಯಕ್ರಮಕ್ಕೆ ಆ ಹಳೇ ರೀತಿಯದೇ ನಾಟಕವೊಂದನ್ನು ಅವರು ಬರೆದರು. ನನಗೆ ಓದಲು ಕೊಡಲಿಲ್ಲ. "ನೀವು ಮುಖವಾಡ ಮಾಡ್ಕೊಡಿ, ನಿಮ್ಮ ಕೈ ಚೆನ್ನಾಗಿದೆ" ಎಂದರು. ಅರಬಿ ಪೇಪರ್ ಹರಿದು, ಮೈದಾ ಅಂಟಿನಲ್ಲಿ ಅದ್ದಿ ಹನ್ನೆರಡು ಮಾಡಿದೆ. ಬಾಲ್ಕನಿಯಲ್ಲಿ ಒಣಗಲು ಇಟ್ಟಾಗ ಗಂಡ, "ಇಷ್ಟು ಜನಕ್ಕೆ ಅಡಿಗೆ ಯಾರು ಮಾಡುವುದು ಮಾರಾಯ್ತಿ?" ಎಂದು ನಕ್ಕಿದ್ದರು.

ಗಂಡನ ಪಕ್ಕದಲ್ಲೇ ಕೂತು ನಾಟಕ ನೋಡಿದೆ. ಮುದಿ ರಾಣಿ ಸತ್ತಳೆಂದು ಒಬ್ಬ ಬಂದು ತಿಳಿಸಿದ. ನಾನು ಕತ್ತರಿಸಿದ ಹನ್ನೆರಡು ಬಾಯಿಗಳಿಂದ ಒಂದೇ ದನಿ ಬಂತು: "ಸ್ವಲ್ಪ ನಿದ್ದೆ ಕೊಡು ಎಂದೆ. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದೆ."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಟೆ ಕಳಿಸಿದವರು ನನ್ನ ಕಡೆ ತಿರುಗಿ ನನ್ನ ಮುಖ ನೋಡಿದರು. ಅದರ ಮೇಲೆ ಮುಖವಾಡ ಇರಲಿಲ್ಲ. ಎದ್ದು ಹೊರಗೆ ಹೋದರು.

ನಾಟಕ ಮುಗಿದದ್ದೇ ರಂಗದ ಹಿಂದೆ ಟೀಚರ್ ಹತ್ತಿರ ಹೋದೆ.

"ನಿಮ್ಮ ಹೆಸರೆಲ್ಲಿ ಹೇಳ್ದೆ ರೀ? ಮುಖವಾಡ ಹಾಕಿದ ಮೇಲೆ ಅದು ಎಲ್ಲರ ಮಾತು. ಜನ ಎಷ್ಟು ಅತ್ರು ನೋಡಿದ್ರಾ?"

"ನನ್ನ ಗಂಡ ಕಾರಿನಲ್ಲಿ ಕೂತಿದ್ದಾರೆ ಟೀಚರ್. ಅವರಿಗೆ ಏನು ಹೇಳಲಿ?"

ಯಾರೋ ಹಾರ ಹಿಡಿದು ಬಂದರು, ಟೀಚರ್ ಆ ಕಡೆ ತಿರುಗಿದರು...

ಮನೆಗೆ ಬರುವ ದಾರಿಯಲ್ಲಿ, ರುಮೈಥಿಯಾದ ಸಿಗ್ನಲ್ಲಿನಲ್ಲಿ ಗಂಡ ಕೇಳಿದರು, "ಅಮ್ಮ ಆವತ್ತು ಗಂಟೆ ಬಾರಿಸಿದ್ದಾರಾ?"

"ಅದೇ ನನಗೂ ಗೊತ್ತಿಲ್ಲ" ಎಂದೆ.

ಬೈಯಲಿಲ್ಲ. ಊಟ ಬಿಡಲಿಲ್ಲ. ಸಂಜೆಯ ಜಪಸರಕ್ಕೆ ಪಕ್ಕದಲ್ಲೇ ಮೊಣಕಾಲೂರಿದರು. ಅಷ್ಟಾದರೂ ಕೃಪೆ. ಆದರೆ ಒಂದು ಲೋಟ ನೀರಿಗೂ ಕೂಗುತ್ತಿದ್ದವರು ಅಂದಿನಿಂದ ಯಾವುದಕ್ಕೂ ನನ್ನನ್ನು ಕರೆಯಲಿಲ್ಲ.

ಟೀಚರ್ ಎದುರಾಗಬಾರದೆಂದು ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ, ಎರಡು ವರ್ಷ. ಆಮೇಲೆ ಅವರು ಊರಿಗೆ ಹೋದರು. ಹೋದ ತಿಂಗಳು ತೀರಿಕೊಂಡರಂತೆ. ಅವರ ಆತ್ಮಕ್ಕೆಂದು ಜಪಸರ ಹಿಡಿದು ಅರ್ಧಕ್ಕೆ ನಿಲ್ಲಿಸಿದೆ... ಓದಿನ ರುಚಿ ಹತ್ತಿಸಿದವರು ಅವರೇ. ಅಂಥ ಗೆಳತಿ ಮತ್ತೆ ಸಿಗಲಿಲ್ಲ. ಸಿಕ್ಕಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ.

ಮೊನ್ನೆ ಪೇಪರ್ ಅಂಟಿಸುತ್ತಿದ್ದಾಗ ಒಳಗಿನ ಕೋಣೆಯಲ್ಲಿ ಗಂಡ ಕೆಮ್ಮಿದರು. ಧೂಳು ಅವರಿಗೆ ಆಗುವುದಿಲ್ಲ. ಕರೆಯುತ್ತಾರೇನೋ ಎಂದು ಕೈಯ ಅಂಟು ಒರೆಸಿಕೊಂಡು ನಿಂತೆ. ಗೋಡೆ ಹಿಡಿದುಕೊಂಡು ಅವರೇ ಅಡಿಗೆಮನೆಗೆ ಹೋದರು. ಲೋಟಕ್ಕೆ ನೀರು ಬೀಳುವ ಸದ್ದು ಕೇಳಿಸಿತು.