ಹಚ್ಚದ ಬಣ್ಣವನ್ನು ಇಳಿಸಿದ್ದು

ನಿನ್ನೆ ಸಂಜೆ ನನ್ನ ಹೆಂಡತಿ ಚಹಾ ಆರಲೆಂದು ಲೋಟವನ್ನು ಹೊಸ್ತಿಲ ಪಕ್ಕದಲ್ಲಿಟ್ಟು ಒಳಗೆ ಹೋದಳು. ಅಷ್ಟೇ. ಬಾಗಿಲು ಅರ್ಧ ಮುಚ್ಚಿತ್ತು, ಲೋಟದಿಂದ ಹಬೆ ಏಳುತ್ತಿತ್ತು. ಚಹಾ ಲೋಟ ಕಂಡು ಹೆದರುವ ಗಂಡಸು ಅಜ್ಜಂಪುರದಲ್ಲಿ ನಾನೊಬ್ಬನೇ ಇರಬೇಕು. ನಗಬೇಕೆನಿಸಿದರೆ ನಗಿ, ಬೇಡವೆನ್ನುವುದಿಲ್ಲ. ಬಸವರಾಜನ ವಿಷಯ ಕೇಳಿದ ಮೇಲೆ ನಗಿ ಎಂದಷ್ಟೇ ನನ್ನ ವಿನಂತಿ.

ಬಸವರಾಜ ನನ್ನ ಓರಗೆಯವನು, ಹಿಟ್ಟಿನ ಗಿರಣಿಯವನು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಮ್ಮಿಬ್ಬರನ್ನೂ ಕಟ್ಟಿಹಾಕಿದ್ದು ಊರಿನ ಪೌರಾಣಿಕ ನಾಟಕ. ಅವನದು ರಾಕ್ಷಸ ರಾಜನ ಪಾತ್ರ, ನನ್ನದು ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಪ್ರಾಂಪ್ಟರ್ ಕೆಲಸ. ಒಮ್ಮೆ ಎರಡು ಹಾಳೆ ಒಟ್ಟಿಗೆ ಮಗುಚಿ, ಯುದ್ಧ ಶುರುವಾಗುವ ಮೊದಲೇ ರಾಕ್ಷಸನ ಸಾವಿನ ಮಾತು ಕೊಟ್ಟುಬಿಟ್ಟಿದ್ದೆ. ಬಸವರಾಜ ಅದನ್ನು ಹೇಳಿಯೂ ಹೇಳಿದ. ಹೇಳಿ, ಜನ ಗೊಳ್ಳೆನ್ನುವುದರೊಳಗೆ, "ಎಂಥ ಕೆಟ್ಟ ಕನಸು ಕಂಡೆ!" ಎಂದು ಎದ್ದು ನಿಂತ. ಅಂಥ ನಟ. ಅವನಿಗೆ ನಾನು ಬೇಕಾಗಿಯೇ ಇರಲಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಮ್ಮ ತಂಡದಲ್ಲೊಂದು ಪದ್ಧತಿ. ಬೆಳಗಿನ ಜಾವ ಮಂಗಳ ಹಾಡಿ ಮುಗಿದ ಮೇಲೂ ರಾಕ್ಷಸನ ವೇಷದವನು ನೆಟ್ಟಗೆ ಮನೆಗೆ ಹೋಗುವಂತಿಲ್ಲ. ಮನೆಯ ಹೆಂಗಸೊಬ್ಬಳು ಬಂದು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಇಳಿಸಬೇಕು, ಆಮೇಲೆ ಹೆಸರು ಹಿಡಿದು ಕರೆಯಬೇಕು. ಅವನು "ಓ" ಅನ್ನಬೇಕು. ಅನ್ನುವವರೆಗೂ ಅವನು ರಾಕ್ಷಸನೇ. ಯಾರೂ ಮಾತನಾಡಿಸುವುದಿಲ್ಲ, ಒಂದು ಗುಟುಕು ಕಾಫಿಯನ್ನೂ ಕೊಡುವುದಿಲ್ಲ. ಬಸವರಾಜನನ್ನು ಕರೆಯುತ್ತಿದ್ದವಳು ಅವನ ತಾಯಿ ಗೌರಜ್ಜಿ. ಮುಖ ಒರೆಸಿ, ಗದ್ದ ಹಿಡಿದು, "ಬಸವಾ, ಬಾರಪ್ಪ ಮನೆಗೆ" ಅನ್ನುವಳು. ಇವನು "ಓ" ಅನ್ನುವನು. ವಿಜ್ಞಾನದ ಮೇಷ್ಟ್ರಾದ ನಾನು ಮೀಸೆಯಲ್ಲೇ ನಗುವೆ.

ಎಣ್ಣೆಯ ಸೀಸೆ ಹಿಡಿದು ಅತ್ತೆಯ ಪಕ್ಕ ನಿಲ್ಲುತ್ತಿದ್ದವಳು ಅವನ ಹೆಂಡತಿ ಶಾಂತಕ್ಕ. ಅವಳು ಕರೆಯುವಂತಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಹೆಸರಿರಲಿ, ಊರ ಬಸವಣ್ಣನ ಗುಡಿಯನ್ನು ಕೂಡ ಆಕೆ 'ಎತ್ತಪ್ಪನ ಗುಡಿ' ಎಂದೇ ಕರೆದವಳು. ಒಮ್ಮೆ ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದಾಗ ಕೌಂಟರಿನ ಹುಡುಗಿಯ ಮುಂದೆ ಕೆಂಪಾಗಿ ನಿಂತು, ಸಾಲಿನ ಕೊನೆಯಲ್ಲಿದ್ದ ನನ್ನನ್ನು ಕೂಗಿದಳು. "ಮೇಷ್ಟ್ರೇ, ಒಸಿ ನೀವೇ ಹೇಳ್ಬಿಡಿ." ನಾನು ಹೇಳಿದೆ. ಪ್ರಾಂಪ್ಟರನಿಗೆ ರಂಗದ ಹೊರಗೂ ಬಿಡುವಿಲ್ಲ ನೋಡಿ.

ಗೌರಜ್ಜಿ ತೀರಿಕೊಂಡ ಮೇಲೆ ನಾಟಕವೂ ನಿಂತಿತು. ಆಗ ಬಂದರು ಸಿನಿಮಾದ ಹುಡುಗರು. ಕೆಮ್ಮಣ್ಣುಗುಂಡಿಯ ಗೆಸ್ಟ್‌ಹೌಸ್ ಕಾವಲುಗಾರನೊಬ್ಬನ ಕತೆ. ರೂಮಿನಲ್ಲಿದ್ದ ಹೆಂಗಸೊಬ್ಬಳು ಮತ್ತೆ ಬರುತ್ತೇನೆಂದು ಹೇಳಿ ಹೋಗುತ್ತಾಳೆ. ಇವನು ದಿನಾ ಸಂಜೆ ಅವಳ ಬಾಗಿಲಿಗೆ ಚಹಾ ಇಡುತ್ತಾನೆ. ಬರುಬರುತ್ತಾ ಅವಳು ಒಳಗೇ ಇದ್ದಾಳೆಂದು ನಂಬುತ್ತಾನೆ, ಬಾಗಿಲು ತೆರೆಯಲು ಬಂದವರ ಮೇಲೆ ಏರಿ ಹೋಗುತ್ತಾನೆ, ಹುಚ್ಚನಾಗುತ್ತಾನೆ. ಕುರುಚಲು ಗಡ್ಡದ ನಿರ್ದೇಶಕ, ಒಳ್ಳೆಯ ಹುಡುಗನೇ, ಬಸವರಾಜನ ಕೈ ಹಿಡಿದು ಹೇಳಿದ: "ಸರ್, ಮೇಕಪ್ ಬೇಡ. ಆಕ್ಟಿಂಗೂ ಬೇಡ. ನೀವು ಅವನೇ ಆಗ್ಬಿಡಿ, ಸಾಕು."

ಜೀವಮಾನವೆಲ್ಲ ಕಿರೀಟ ಹೊತ್ತು ಗರ್ಜಿಸಿದವನಿಗೆ ಇದು ಅಮೃತದಂತೆ ಕೇಳಿಸಿತು. ಗಿರಣಿ ಮುಚ್ಚಿ ಹೋದ. ಚಿತ್ರೀಕರಣ ಮುಗಿಯುವವರೆಗೆ ಮನೆಗೆ ಬರಲಿಲ್ಲ, ಗಡ್ಡ ತೆಗೆಯಲಿಲ್ಲ. ಒಂದು ದಿನ ನಾನೂ ಶಾಂತಕ್ಕನೂ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ತರೀಕೆರೆ ಮೇಲೆ ಬೆಟ್ಟ ಹತ್ತಿದೆವು. ಕ್ಯಾಮೆರಾ ಇರಲಿಲ್ಲ, ಊಟದ ಹೊತ್ತು. ಆದರೂ ಅವನು ಮುಚ್ಚಿದ ಬಾಗಿಲ ಮುಂದೆ ಮಂಜಿನಲ್ಲಿ ಕೂತೇ ಇದ್ದ. ನಮ್ಮ ಕಡೆ ತಿರುಗಲಿಲ್ಲ. "ಕ್ಯಾರೆಕ್ಟರಲ್ಲಿದಾರೆ, ಡಿಸ್ಟರ್ಬ್ ಮಾಡ್ಬೇಡಿ" ಎಂದರು ಸಿನಿಮಾದ ಹುಡುಗರು. ನಮಗೆ ಹೆಮ್ಮೆಯಾಯಿತು. ಬುತ್ತಿ ಅಲ್ಲೇ ಇಟ್ಟು ಇಳಿದು ಬಂದೆವು.

ಕೆಲಸ ಮುಗಿಯಿತು, ಮನೆಗೆ ಬಂದ. ಕ್ಷೌರಿಕ ಗಡ್ಡ ತೆಗೆದ. ಬಣ್ಣ ಹಚ್ಚಿಯೇ ಇರಲಿಲ್ಲವಾದ್ದರಿಂದ ಇಳಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವರ ಮನೆಯಲ್ಲಿ ರಾಗಿ ತುಂಬಿಡುವ ಕೋಣೆಯೊಂದಿದೆ. ಅದರ ಬಾಗಿಲಿಗೆ ಅವನು ಸಂಜೆ ಚಹಾ ಇಡತೊಡಗಿದ. "ಯಾರಪ್ಪಾ ಒಳಗೆ?" ಎಂದು ತಮಾಷೆ ಮಾಡಿದೆ. ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಮಾತಾಡೋ, ಮಲಗಿದಾರೆ" ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಆಮೇಲೆ ಕೋಣೆಗೆ ಬೀಗ ಬಿತ್ತು, ಬೀಗದ ಕೈ ಉಡಿದಾರಕ್ಕೆ ಹೋಯಿತು. ಕೋಣೆ ತುಂಬ ರಾಗಿಯಿಟ್ಟುಕೊಂಡು ಗಿರಣಿಯವನ ಹೆಂಡತಿ ಅಂಗಡಿಯಿಂದ ಹಿಟ್ಟು ತಂದಳು. ಒಮ್ಮೆ ಬೀಗಕ್ಕೆ ಕೈ ಹಾಕಿದಾಗ ಅವನು ಹಿಡಿದ ಗುರುತು ಅವಳ ಮಣಿಕಟ್ಟಿನಲ್ಲಿ ನೀಲಿಯಾಗಿ ಬಹಳ ದಿನ ಇತ್ತು. ನಾನೇ ಶಿವಮೊಗ್ಗದ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಮಾತ್ರೆ ಕೊಟ್ಟರು. ನಿದ್ದೆ ಬಂತು, ಕೈ ಮಾಡುವುದು ನಿಂತಿತು. ಬಾಗಿಲ ಮುಂದಿನ ಲೋಟ ಮಾತ್ರ ನಿಲ್ಲಲಿಲ್ಲ.

ಶಾಂತಕ್ಕ ಒಂದು ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂತಳು. "ಇವತ್ತು ನನ್ನನ್ನ, 'ಯಾವೂರಿಂದ ಬಂದ್ರಿ, ರೂಮ್ ಬೇಕಾ' ಅಂತ ಕೇಳ್ದ್ರು ಮೇಷ್ಟ್ರೇ. ಮರ್ಯಾದೆಯಿಂದ್ಲೇ ಕೇಳ್ದ್ರು. ನಾನೇನು ಹೇಳ್ಲಿ?" ಅವಳು ಅಳುತ್ತಿರಲಿಲ್ಲ. ನನಗೇ ಅಳು ಬಂತು. ಹೊಡೆದಿದ್ದರೂ ಅವಳು ಹೆಂಡತಿಯಾಗಿ ಉಳಿಯುತ್ತಿದ್ದಳು. ಈಗ ಅದೂ ಇಲ್ಲ. ಆ ಮನುಷ್ಯ ಹೀಗೇ ಉಳಿದುಬಿಟ್ಟರೆ ಏನು ಗತಿ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಅಷ್ಟರಲ್ಲಿ ಸಿನಿಮಾ ಸಿದ್ಧವಾಯಿತು. ಕಡೂರಿನ ಟಾಕೀಸಿನಲ್ಲಿ ಊರವರಿಗಾಗಿ ಹಗಲಿನ ಒಂದು ಆಟ. ಕರೆದುಕೊಂಡು ಹೋಗಬಹುದೇ ಎಂದು ಡಾಕ್ಟರನ್ನು ಕೇಳಿದ್ದಕ್ಕೆ, "ಜೊತೆಯಲ್ಲಿ ನೀವಿರಿ" ಎಂದರು. ಬಸವರಾಜ ಅಲುಗಾಡದೆ ನೋಡಿದ. ಕೊನೆಯ ದೃಶ್ಯದಲ್ಲಿ ಕಾವಲುಗಾರ ಬಾಗಿಲ ಮುಂದೆ ಕೂತಿರುತ್ತಾನೆ, ಲೋಟದ ಹಬೆ ಏಳುತ್ತಿರುತ್ತದೆ, ಪರದೆ ಕಪ್ಪಾಗುತ್ತದೆ. ಜನ ಚಪ್ಪಾಳೆ ತಟ್ಟಿದರು. ನಿರ್ದೇಶಕ ಹುಡುಗ ಓಡಿ ಬಂದು ಅವನ ಕಾಲು ಮುಟ್ಟಿದ.

"ಆಮೇಲೆ?" ಎಂದ ಬಸವರಾಜ.

"ಅಷ್ಟೇ ಸರ್. ಓಪನ್ ಎಂಡಿಂಗ್."

"ಹಂಗಾದ್ರೆ ಅವ್ನು ಅಲ್ಲೇ ಕೂತಿದಾನಾ ಇನ್ನೂ?"

ನಮ್ಮ ರಾಕ್ಷಸ ಪ್ರತಿ ಆಟದಲ್ಲೂ ಸಾಯುತ್ತಿದ್ದ, ಮಂಗಳವಾಗುತ್ತಿತ್ತು. ಈ ಕಾವಲುಗಾರನಿಗೆ ಸಾವೂ ಇಲ್ಲ, ಮಂಗಳವೂ ಇಲ್ಲ. ಶಾಂತಕ್ಕ ಕೈಚೀಲದಿಂದ ಸೀಸೆ ತೆಗೆದಳು. ಕೊಬ್ಬರಿ ಎಣ್ಣೆ. ಮನೆಯಿಂದಲೇ ತಂದಿದ್ದಳು.

"ನಾವು ಬಣ್ಣ ಇಳಿಸ್ಲೇ ಇಲ್ಲ ಮೇಷ್ಟ್ರೇ."

"ಬಣ್ಣ ಎಲ್ಲಿತ್ತು ಶಾಂತಕ್ಕಾ?"

"ಇಲ್ದಿದ್ರೆ ಇವರು ಯಾರು?"

ಅಂಗೈಗೆ ಎಣ್ಣೆ ಸುರಿದುಕೊಂಡು ಗಂಡನ ಬರಿ ಮುಖಕ್ಕೆ ಹಚ್ಚಿದಳು. ಹಣೆ, ಕೆನ್ನೆ, ರೆಪ್ಪೆ, ಕಿವಿಯ ಹಿಂಭಾಗ, ಯಾವುದನ್ನೂ ಬಿಡಲಿಲ್ಲ. ಸೆರಗಿನಿಂದ ಒರೆಸಿದಳು. ಹೊರಟಿದ್ದ ಜನ ನಿಂತರು. ಈಗ ಕರೆಯಬೇಕು, ಕರೆಯುವ ತಾಯಿಯಿಲ್ಲ. ಶಾಂತಕ್ಕನ ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಹೇಳಿದರೆ ಅವನ ಆಯಸ್ಸು, ಹೇಳದಿದ್ದರೆ ಅವನೇ ಇಲ್ಲ. ಅವಳು ನನ್ನ ಕಡೆ ನೋಡಿದಳು. ನಾನೇ ಕೂಗಿಬಿಡಬಹುದಿತ್ತು, ಆದರೆ ಅದು ನನ್ನ ಪಾತ್ರವಲ್ಲ. ಹಿಂದಿನ ಸೀಟಿನಿಂದ ಬಗ್ಗಿ, ಹಳೆಯ ಅಭ್ಯಾಸದಂತೆ, ಮೊದಲ ಅಕ್ಷರವನ್ನಷ್ಟೇ ಪಿಸುಗುಟ್ಟಿದೆ: "ಬ..."

"ಬಸವಾ," ಎಂದಳು ಶಾಂತಕ್ಕ. "ಬಸವಾ, ಬಾರಪ್ಪ ಮನೆಗೆ."

ಅತ್ತೆಯ ಮಾತು, ಇದ್ದ ಹಾಗೇ. ಅವನು ಕಪ್ಪು ಪರದೆಯನ್ನೇ ನೋಡುತ್ತಿದ್ದ. ಮತ್ತೆ ಕರೆದಳು. ಆಮೇಲೆ ಗದ್ದ ಹಿಡಿದು ಗಟ್ಟಿಯಾಗಿ, ಅಳುತ್ತಲೇ ಕರೆದಳು.

"ಓ," ಎಂದ ಬಸವರಾಜ. ಕೆನ್ನೆ ಮುಟ್ಟಿಕೊಂಡು, "ಏನೇ ಶಾಂತಾ, ಇಷ್ಟೊಂದು ಎಣ್ಣೆ ಸುರ್ದಿದೀಯಲ್ಲ" ಎಂದ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ಇನ್ನೂ ಇವೆ. ಆ ವಾರವೇ ಬೀಗದ ಕೈ ತಾನಾಗಿ ಬಿಚ್ಚಿ ಕೊಟ್ಟ. ರಾಗಿಗೆ ಹುಳ ಹಿಡಿದಿತ್ತು. ಗಿರಣಿ ಮತ್ತೆ ಶುರುವಾಗಿದೆ. ಕೆಲವು ಸಂಜೆ ಅವನ ಕಣ್ಣು ಬಾಗಿಲ ಮೇಲೆ ನಿಂತುಬಿಡುತ್ತದೆ. ಆಗ ಶಾಂತಕ್ಕ ಎಲ್ಲಿದ್ದರೂ ಅಲ್ಲಿಂದಲೇ ಹೆಸರು ಹಿಡಿದು ಕರೆಯುತ್ತಾಳೆ. ಬೀದಿಯವರು ಮೊದಮೊದಲು ಮುಸಿಮುಸಿ ನಕ್ಕರು, ಈಗ ನಗುವುದಿಲ್ಲ. ಕೆಲಸ ಮಾಡಿದ್ದು ಮಾತ್ರೆಯೋ ಎಣ್ಣೆಯೋ ಎಂದು ಡಾಕ್ಟರನ್ನು ಕೇಳಿದೆ. "ಎರಡನ್ನೂ ಬಿಡಬೇಡಿ" ಎಂದರು.

ನಿನ್ನೆ ಹೊಸ್ತಿಲ ಬಳಿಯ ಲೋಟ ಎತ್ತಿಕೊಂಡು ಒಳಗೆ ಹೋದೆ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಮದುವೆಯಾದಾಗಿನಿಂದ ನಾನು ಅವಳಿಗೆ ಬರೀ 'ರೀ'.

"ಒಂದ್ಸಲ ನನ್ನ ಹೆಸರು ಹಿಡಿದು ಕರಿಯೇ, ಕೇಳೋಣ" ಎಂದೆ.

ಅವಳು ತಲೆಯೆತ್ತಿ ನನ್ನನ್ನೂ ಲೋಟವನ್ನೂ ನೋಡಿದಳು. ಅರ್ಥವಾಯಿತೆಂದು ಕಾಣುತ್ತದೆ, ರೇಗಲಿಲ್ಲ.

"ನೀವಿನ್ನೂ ಎಲ್ಲೂ ಹೋಗಿಲ್ವಲ್ಲ" ಎಂದಳು. "ಹೋದಾಗ ಕರೀತೀನಿ. ಓ ಅನ್ನಿ, ಸಾಕು."