ಹುದಲಿನ ದಂಡೆಯಲ್ಲಿ ವರ ನೋಡಿದ್ದು

ಎರೆ ಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ನೆಲದ ವಿಷಯದಲ್ಲಿ ಒಂದು ಜಂಬವಿರುತ್ತದೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವ, ಮಳೆ ಬಂದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಮಣ್ಣಿನ ಮೇಲೆ ನಡೆದು ಸಾಲೆ ಕಲಿತವಳು ನಾನು. ಸಾಲದ್ದಕ್ಕೆ ತಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನೆಲ ನನಗೆ ಮೋಸ ಮಾಡೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನನ್ನು ಹುದಲಿಗೆ, ಅಂದರೆ ಕಾಲಿಟ್ಟರೆ ಹೂತುಹೋಗುವ ಜೌಗು ನೆಲಕ್ಕೆ, ಕರೆದೊಯ್ದವಳು ನಾದಿನಿ ಗಿರಿಜಾ, ತೀರಿಹೋದ ನನ್ನ ಗಂಡನ ತಂಗಿ. ಅವರು ಹೋದ ಮೇಲೆ ನಾನು ಕೊಪ್ಪಳದ ಪಕ್ಕದ ಭಾಗ್ಯನಗರದ ಮನೆ, ತಳಕಲ್ಲಿನ ಸಾಲೆ, ನಡುವೆ ಬಸ್ಸು ಎಂದುಕೊಂಡು ಆರಾಮಾಗಿಯೇ ಇದ್ದೆ. ಕನಿಷ್ಠ ಹಾಗೆಂದು ಎಲ್ಲರಿಗೂ ಹೇಳುತ್ತಿದ್ದೆ. ಒಂದು ದಿನ ಗಿರಿಜಾ ಬಂದು, ಕುಷ್ಟಗಿಯಲ್ಲಿ ಅಮರೇಶಪ್ಪ ಎಂಬವರೊಬ್ಬರಿದ್ದಾರೆ, ಪಂಪ್‌ಸೆಟ್ ರಿಪೇರಿ ಅಂಗಡಿ, ಹೆಂಡತಿ ತೀರಿಕೊಂಡಿದ್ದಾರೆ, ಒಮ್ಮೆ ನೋಡಿ ಎಂದಳು. ಈ ವಯಸ್ಸಿನಲ್ಲಿ ಜನ ನಗುತ್ತಾರೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ವೈನಿ, ನಮ್ಮಣ್ಣ ಹೋಗ್ಯಾನ. ನೀವ್ಯಾಕ ಹೋದವರಂಗ ಕುಂತೀರಿ?"

ಅವರ ಒಡಹುಟ್ಟಿದವಳೇ ಹೀಗೆ ಕೇಳಿದ ಮೇಲೆ ಒಪ್ಪಿಕೊಂಡೆ. ಒಂದು ಷರತ್ತು ಮಾತ್ರ ಹಾಕಿದೆ. ಮನೆಯಲ್ಲಿ ಉಪ್ಪಿಟ್ಟಿನ ಪ್ಲೇಟು ಹಿಡಿದು ನಿಲ್ಲುವ ಕಾರ್ಯಕ್ರಮ ಹಿಂದೆಯೇ ಒಮ್ಮೆ ಆಗಿದೆ. ಈ ಸಲ ಬಯಲಿನಲ್ಲಿ ನೋಡುತ್ತೇನೆ, ನಾನೇ ನೋಡುತ್ತೇನೆ.

ಹಾಗಾಗಿ ಒಂದು ಭಾನುವಾರ ಅಮರೇಶಪ್ಪನವರ ಹಳೆಯ ಕಾರಿನಲ್ಲಿ ಮೂವರೂ ಗಂಗಾವತಿ ಕಡೆ ಹೊರಟೆವು. ಗಿರಿಜಾ ಮೊದಲು ಆರಿಸಿದ ಜಾಗ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ. ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಪುಟ್ಟ ಮನೆಗಳು; ಕೆಲವಕ್ಕೆ ಗುಂಡನೆಯ ಕಿಂಡಿ. ನೋಡಲು ಭಾಳ ಚೆಂದ. ಅವು ಆದಿಕಾಲದವರು ಸತ್ತವರಿಗಾಗಿ ಕಟ್ಟಿದ ಮನೆಗಳು ಎಂಬುದು ಗುಡ್ಡ ಹತ್ತಿ ಮುಗಿದ ಮೇಲೆ ಗಿರಿಜಾಳಿಗೆ ನೆನಪಾಯಿತು. ಒಬ್ಬ ವಿಧವೆ, ಒಬ್ಬ ವಿಧುರ, ಸುತ್ತಲೂ ಸಮಾಧಿ. ಅವಳು ನೀರಿನ ಬಾಟ್ಲಿ ನೆಪ ಮಾಡಿ ಬಂಡೆಯ ಹಿಂದೆ ಸರಿದಳು.

ಅಮರೇಶಪ್ಪನವರು ಮುಜುಗರ ಪಟ್ಟುಕೊಳ್ಳಲಿಲ್ಲ. ಬಗ್ಗಿ ಒಂದು ಕಿಂಡಿಯೊಳಗೆ ನೋಡಿ, "ನಮ್ಮಾಕಿಗೆ ಗಾಳಿ ಭಾಳ ಬೇಕಾಗಿತ್ರಿ. ಇಂಥಾದ್ರಾಗ ಇರ್ತಿರಲಿಲ್ಲ" ಎಂದರು. ನಮ್ಮವರಂತೂ ಇಷ್ಟು ಏರು ಹತ್ತುತ್ತಲೇ ಇರಲಿಲ್ಲ ಎಂದು ನಾನೂ ಹೇಳಿದೆ. ಇಬ್ಬರೂ ನಕ್ಕೆವು. ಹೋದವರ ಹೆಸರು ತೆಗೆದರೆ ದನಿ ಇಳಿಸುವ ಜನರ ನಡುವೆ ಎಷ್ಟೋ ಕಾಲ ಬದುಕಿದ್ದೆ. ಹೀಗೆ ಮನೆಮಾತಿನಂತೆ ಅವರನ್ನು ನೆನೆದು ನಗಬಹುದೆಂದು ಅಂದು ತಿಳಿಯಿತು.

ಗುಡ್ಡದಿಂದ ಇಳಿದು ಸ್ವಲ್ಪ ದೂರ ಹೋದರೆ ಬಂಡೆಗಳ ನಡುವಿನ ತಗ್ಗಿನಲ್ಲಿ ಆ ಹುದಲು. ಮೇಲೆ ಹಸಿರು ಹುಲ್ಲು, ಜೊಂಡು, ಅಲ್ಲಲ್ಲಿ ಕಪ್ಪು ನೀರು. ಕಾಲಿಟ್ಟರೆ ಹತ್ತಿಯ ಗಾದಿಯಂತೆ ಅದುರುತ್ತದೆ. ನನ್ನೊಳಗಿನ ಟೀಚರು ಎದ್ದು ಕುಳಿತಳು. ಇಲ್ಲಿ ಬಿದ್ದ ಬೇರು, ಎಲೆ ಗಾಳಿ ಸಿಗದೆ ಪೂರ್ತಿ ಕೊಳೆಯುವುದಿಲ್ಲ, ಪದರದ ಮೇಲೆ ಪದರ ಕೂಡಿ ಪೀಟ್ ಎಂಬ ಕಪ್ಪು ಮಣ್ಣಾಗುತ್ತದೆ, ಚಳಿ ದೇಶಗಳಲ್ಲಿ ಅದನ್ನು ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಒಲೆಗೆ ಹಾಕುತ್ತಾರೆ ಎಂದೆಲ್ಲ ವಿವರಿಸಿದೆ. ಅಮರೇಶಪ್ಪನವರು ತಲೆಯಾಡಿಸುತ್ತ ಕೇಳುತ್ತಿದ್ದರು. ಕೇಳುವವರು ಸಿಕ್ಕರೆ ನನಗೆ ಕಾಲು ನಿಲ್ಲುವುದಿಲ್ಲ. ಜೊಂಡಿನ ಬೇರು ತೋರಿಸಲು ನಾಲ್ಕು ಹೆಜ್ಜೆ ಮುಂದೆ ಹೋದೆ. ಐದನೆಯದು ಸೊಂಟದ ತನಕ ಇಳಿಯಿತು.

ದಂಡೆಯಲ್ಲಿ ಗಿರಿಜಾ ಮನೆದೇವರನ್ನು ಕೂಗತೊಡಗಿದಳು. ನಾನೂ ದಿಕ್ಕು ತಪ್ಪಿ ಕೈಕಾಲು ಬಡಿದೆ. ಒದ್ದಾಡಿದಷ್ಟೂ ಕೆಸರು ತಣ್ಣಗೆ ಕಾಲು ಹಿಡಿದು ಎಳೆಯುತ್ತಿತ್ತು. ಅಮರೇಶಪ್ಪನವರು ಓಡಿ ಬಂದರು, ಆದರೆ ಅಂಚಿನಲ್ಲೇ ನಿಂತರು. 

"ಏನ್ ಮಾಡ್ಲಿ, ನೀವ ಹೇಳ್ರಿ" ಎಂದರು.

ನನ್ನ ಇಡೀ ಜೀವನದಲ್ಲಿ ಗಂಡಸರು ನನಗೆ ಏನು ಮಾಡಬೇಕೆಂದು ಹೇಳಿದ್ದಾರೆ. ಅಪ್ಪ, ಅಣ್ಣ, ಗಂಡ, ಹೆಡ್‌ಮಾಸ್ತರು, ಎಲ್ಲರೂ ಒಳ್ಳೆಯವರೇ. ಕೇಳಿದವರು ಇವರೊಬ್ಬರು. ಆ ಪ್ರಶ್ನೆ ಕಿವಿಗೆ ಬಿದ್ದೊಡನೆ ನನ್ನ ತಲೆ ಮತ್ತೆ ನೆಟ್ಟಗಾಯಿತು.

"ಹತ್ತಿರ ಬರಬ್ಯಾಡ್ರಿ. ಬೋರಲ ಮಲಕೊಂಡು ಟವೆಲ್ ಚಾಚ್ರಿ. ಜಗ್ಗಬ್ಯಾಡ್ರಿ, ಗಟ್ಟಿ ಹಿಡಕೊಂಡಿರ್ರಿ, ಅಷ್ಟ."

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಅವರು ಕೆಸರಿನ ಮೇಲೆ ಉದ್ದಕ್ಕೆ ಮಲಗಿದರು, ಹೆಗಲಿನ ಟವೆಲ್ ಚಾಚಿದರು. ನಾನು ಬೆನ್ನು ಹಿಂದಕ್ಕೆ ವಾಲಿಸಿ, ಒಂದೊಂದೇ ಕಾಲನ್ನು ನಿಧಾನಕ್ಕೆ ಅಲುಗಿಸಿ ಬಿಡಿಸಿಕೊಂಡೆ. ಎಷ್ಟೋ ಹೊತ್ತು ಹಿಡಿಯಿತು. ಅವರು ಒಮ್ಮೆಯೂ ಜಗ್ಗಲಿಲ್ಲ, ಒಮ್ಮೆಯೂ ಸಡಿಲ ಬಿಡಲಿಲ್ಲ.

ಹತ್ತಿರದಲ್ಲೇ ಇದ್ದ ಕಾಲುವೆಯ ಮೆಟ್ಟಿಲ ಮೇಲೆ ಕೆಸರು ತೊಳೆದುಕೊಳ್ಳುವಾಗ ನಾನೇ ಮಾತು ತೆಗೆದೆ. ನೌಕರಿ ಬಿಡುವುದಿಲ್ಲ, ಭಾಗ್ಯನಗರದ ಮನೆಯನ್ನೂ ಬಿಡುವುದಿಲ್ಲ ಎಂದೆ. ಅವರು ಅಂಗಿ ಹಿಂಡಿ ಕೊಡವಿದರು.

"ನನ್ನ ಅಂಗಡಿ ಕುಷ್ಟಗ್ಯಾಗ ಐತ್ರಿ. ಬಸ್ಸು ದಿನಾ ಅದಾವ, ನಾನ ಹೋಗಿ ಬರ್ತೀನಿ."

ಕೊಪ್ಪಳದ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಜನ ನಗುತ್ತಾರೆಂದುಕೊಂಡಿದ್ದೆ, ಒಂದಿಬ್ಬರು ನಕ್ಕರು, ಆಮೇಲೆ ಅವರಿಗೂ ಬೇರೆ ಕೆಲಸವಿತ್ತು. ಹೊರಗೆ ಬಂದಾಗ ಗಿರಿಜಾ ನನ್ನ ಸೆರಗಿಗೆ ಉಡಿ ತುಂಬಿದಳು. ತುಂಬಿ ಮುಗಿದರೂ ಸೆರಗಿನ ತುದಿ ಬಿಡಲಿಲ್ಲ. ಅಣ್ಣನ ಮನೆಯನ್ನು ತನ್ನ ಕೈಯಾರೆ ಮುಗಿಸಿದೆನೆಂದು ಅವಳಿಗೆ ಅನಿಸುತ್ತಿರಬಹುದೆಂದು ನನಗೆ ಆಗ ಹೊಳೆಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು ಹೇಳಿದಳು.

"ಇನ್ನ ನಾನು ನಾದಿನಿ ಅಲ್ರಿ, ನಿಮ್ಮ ತವರುಮನಿ. ಪಂಚಮಿಗೆ ಕರಿಯಾಕ ಬರ್ತೀನಿ."

ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ನಮ್ಮ ಕಡೆಯ ರೂಢಿ, ಆದರೂ ಮಾತಿಗೆ ಹೇಳಿದ್ದೆಂದುಕೊಂಡಿದ್ದೆ. ಪಂಚಮಿಯ ಹಿಂದಿನ ದಿನ ನಿಜವಾಗಿಯೂ ಬಂದು ಬಾಗಿಲಲ್ಲಿ ನಿಂತಳು. ಅಮರೇಶಪ್ಪನವರು ನನ್ನ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದರು. ಅವಳ ಮನೆಯಲ್ಲಿ ಎರಡು ದಿನ ಶೇಂಗಾದ ಉಂಡಿ ತಿಂದು, ಜೋಕಾಲಿ ಆಡಿ ಬಂದೆ. ಐವತ್ತು ದಾಟಿದ ಹೆಂಗಸಿಗೆ ಗಂಡ ಸಿಗುವುದು ಅಷ್ಟೇನೂ ದೊಡ್ಡ ಮಾತಲ್ಲ, ಹುಡುಕಿದರೆ ಸಿಗುತ್ತಾನೆ. ಆ ವಯಸ್ಸಿನಲ್ಲಿ ಹೊಸದಾಗಿ ಒಂದು ತವರು ಸಿಗುವುದಿದೆಯಲ್ಲ, ಅದಕ್ಕೆ ಪುಣ್ಯ ಬೇಕು.