ಕೆಂಪಲ್ಲದ ಕೆಂಪು

ಬೆಳಗಿನ ಆರೂವರೆ. ಮಕ್ಕಳ ಬುದ್ಧಿ ಅಳೆಯುವ ಕೇಂದ್ರದ ಹಿಂಬಾಗಿಲ ಬೀಗ ತೆಗೆದು ಒಳಬಂದ ಡಬ್ಬಿಯಕ್ಕ, ದೀಪ ಹಾಕದೆ ಮೊದಲು ಕಿಟಕಿ ತೆರೆಯುತ್ತಾರೆ. ಗಿಡ್ಡ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಡಬ್ಬಿಯಿಂದ ಒಂಬತ್ತು ಮರದ ಬ್ಲಾಕುಗಳನ್ನು ಸುರಿದುಕೊಳ್ಳುತ್ತಾರೆ. ಪ್ರತಿಯೊಂದಕ್ಕೂ ಎರಡು ಮುಖ ಕೆಂಪು, ಎರಡು ಬಿಳಿ, ಎರಡು ಅರ್ಧರ್ಧ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಾರೆ.

"ಇವತ್ತು ಎರಡೆರಡು ಸಲ ನೋಡ್ತಿದೀನಿ," ಅನ್ನುತ್ತಾರೆ. "ಇವತ್ತು ಆ ಪುಟ್ಟಿ ಬರ್ತಾಳೆ."

ಪುಟ್ಟಿಗೆ ಎಂಟು ವರ್ಷ. ಕಳೆದ ತಿಂಗಳು ಇದೇ ಮೇಜಿನ ಮುಂದೆ ಕೂತಾಗ ಅವಳ ಅಂಕ ಗೆರೆಗಿಂತ ಎರಡು ಕಡಿಮೆ ಬಂದಿತ್ತು. ಗೆರೆಯ ಕೆಳಗೆ ಬಿದ್ದವರು ಈಗಿರುವ ಶಾಲೆ ಬಿಟ್ಟು ಊರಾಚೆಯ ಬೇರೆ ಶಾಲೆಗೆ ಹೋಗಬೇಕು. ಇವತ್ತು ಮರುಪರೀಕ್ಷೆ.

ಹದಿನಾಲ್ಕು ವರ್ಷದಿಂದ ಡಬ್ಬಿಯಕ್ಕನದು ಇಲ್ಲಿ ಹಂಗಾಮಿ ಕೆಲಸ. ಕಸ ಗುಡಿಸುವುದು, ಡಬ್ಬಿ ತೊಳೆಯುವುದು, ಬೆಂಚಿನ ಮೇಲೆ ಬೆವರುತ್ತ ಕೂತ ಮಕ್ಕಳನ್ನು ಒಳಗೆ ಕಳಿಸುವುದು. ದಿನಕ್ಕೆ ಮೂರು ಮಕ್ಕಳು. ನೀರು ಕುಡಿಸದೆ, ಬಚ್ಚಲಿಗೆ ಕರೆದೊಯ್ಯದೆ ಒಬ್ಬರನ್ನೂ ಬಿಡುವುದಿಲ್ಲ. "ಒಂದಕ್ಕೆ ಬಂದಿರೋ ಮಗು ಲೆಕ್ಕ ಹೇಗೆ ಹೇಳತ್ತೆ? ಯೋಚನೆಯೆಲ್ಲ ಅಲ್ಲೇ ಇರತ್ತಲ್ಲ."

ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಯಾರೋ ಸಾಹೇಬರು ಶಾಲೆಗೆ ಬಂದು, ಹತ್ತು ಪ್ರಶ್ನೆ ಕೇಳಿ, ಹೆಸರಿನ ಮುಂದೆ 'ಮಂದ' ಎಂದು ಬರೆದು ಹೋದರಂತೆ. ಅಂದಿನಿಂದ ಕೊನೆಯ ಬೆಂಚು. ಹನ್ನೆರಡನೇ ವಯಸ್ಸಿಗೆ ಶಾಲೆಯೇ ಬಿಟ್ಟುಹೋಯಿತು. "ಸಾಹೇಬರು ಕಾಲು ಗಂಟೆ ಇದ್ರು. ಆ ಮಾತು ಮಾತ್ರ ನನ್ನ ಜೊತೆ ಮದುವೆ ಮನೆ ತನಕ ಬಂತು ನೋಡಿ," ಎಂದು ನಗುತ್ತಾರೆ.

ಪುಟ್ಟಿಯ ಅಂಕ ಇಳಿಸಿದ ತಪ್ಪು ಮಾಡಿದ್ದು ತಾನೇ ಎಂದು ಡಬ್ಬಿಯಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಜ್ವರದ ಕಾಲ. ಒಂದು ಮಗು ಒಂದು ಬ್ಲಾಕನ್ನು ಬಾಯಿಗಿಟ್ಟುಕೊಂಡಿತು. ಶನಿವಾರ ಸಂಜೆ ಅದೊಂದನ್ನೇ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಹಾಕಿದವರು ಮರೆತು ಮನೆಗೆ ಹೋದರು. ಸೋಮವಾರ ನೋಡಿದರೆ ಕೆಂಪು ಹೋಗಿ ಪೇಲವ ಗುಲಾಬಿ. ಕೆಲಸ ಹೋದೀತೆಂಬ ಹೆದರಿಕೆಗೆ ಒರೆಸಿ ಡಬ್ಬಿಯ ತಳಕ್ಕೆ ಸೇರಿಸಿದರು. ಒಂದು ಬ್ಲಾಕು ತಾನೇ.

ಏಳು ವಾರ ಕಳೆಯಿತು. ಆಗ ಪುಟ್ಟಿ ಬಂದಳು. ಬಾಗಿಲ ಗಾಜಿನಿಂದ ಡಬ್ಬಿಯಕ್ಕ ನೋಡುತ್ತಲೇ ಇದ್ದರು. ಹುಡುಗಿ ಮಾದರಿ ಚಿತ್ರ ನೋಡಿ ಎಂಟು ಬ್ಲಾಕು ಚಕಚಕನೆ ಜೋಡಿಸಿದಳು. ಗುಲಾಬಿಯದನ್ನು ಎತ್ತಿದಳು, ಪಕ್ಕಕ್ಕಿಟ್ಟಳು, ಸುತ್ತ ಹುಡುಕಿದಳು. ಗಡಿಯಾರ ಟಿಕ್ ಎಂದಿತು. ಸಮಯ ಮುಗಿಯಿತು, ಸೊನ್ನೆ. ಮುಂದಿನ ಚಿತ್ರಕ್ಕೂ ಹಾಗೇ.

ಹೊರಗೆ ಬಂದವಳನ್ನು ಕೇಳಿದರು: "ಅದನ್ಯಾಕೆ ಪಕ್ಕಕ್ಕೆ ಇಟ್ಬಿಟ್ಟೆ ಪುಟ್ಟಿ?"

"ಚಿತ್ರದಲ್ಲಿ ಕೆಂಪಿದೆ. ಅದು ಕೆಂಪಲ್ಲ ಆಂಟಿ."

"ಕೂಸಿನ ಮಾತು ಸರಿ ಇತ್ತು," ಅನ್ನುತ್ತಾರೆ ಡಬ್ಬಿಯಕ್ಕ. "ಕಂಡಿದ್ದನ್ನ ಕಂಡ ಹಾಗೆ ಹೇಳಿದ್ಲು. ಅದಕ್ಕೆ ನಾವು ಕೊಟ್ಟಿದ್ದು ಸೊನ್ನೆ."

ಮರುದಿನ ಬೆಳಿಗ್ಗೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಅಡ್ಡಲಾಗಿ ಕೂತುಬಿಟ್ಟರು. ಪರೀಕ್ಷೆ ನಡೆಸುವ ಮೇಡಂ ಬಂದು ಕೈಚಾಚಿದರು.

"ಕೊಡಲ್ಲ ಮೇಡಂ."

"ಏನಾಯ್ತಮ್ಮ ನಿನಗೆ? ಮಗು ಕಾಯ್ತಾ ಇದೆ."

"ಕಾಯ್ಲಿ. ಡಬ್ಬಿ ಕೆಟ್ಟಿದೆ, ಒಂದು ಬ್ಲಾಕಿನ ಕೆಂಪು ಹೋಗಿದೆ, ಕೆಡಿಸಿದ್ದು ನಾನು. ನನ್ನ ಕಳಿಸೋದಾದ್ರೆ ಕಳಿಸಿ. ಇದನ್ನ ಮಾತ್ರ ಇನ್ನೊಂದು ಮಗು ಮುಂದೆ ಇಡೋಕೆ ಬಿಡಲ್ಲ."

"ಒಂದು ಬ್ಲಾಕಿನಿಂದ ಏನಾಗತ್ತೆ?"

"ಅಂಚಿನಲ್ಲಿ ನಿಂತಿರೋ ಮಗು ಬೀಳೋಕೆ ಎಷ್ಟು ಬೇಕು ಮೇಡಂ?"

ಮೇಡಂ ಆ ಬ್ಲಾಕನ್ನು ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ನೋಡಿದರು. ಅಂದು ಪರೀಕ್ಷೆ ನಡೆಯಲಿಲ್ಲ. ಏಳು ವಾರದ ನೂರಾ ಮೂರು ಮಕ್ಕಳ ಕಡತ ಕಪಾಟಿನಿಂದ ಕೆಳಗಿಳಿಯಿತು. ಗೆರೆಯ ಅಂಚಿನಲ್ಲಿದ್ದ ಹದಿನೇಳು ಮಕ್ಕಳಿಗೆ ಮತ್ತೆ ಬರಹೇಳಿದರು. ಡಬ್ಬಿಯಕ್ಕನ ಕೈಗೆ ನೋಟಿಸೂ ಬಂತು; ಅದಕ್ಕಿನ್ನೂ ತೀರ್ಮಾನವಾಗಿಲ್ಲ. "ನಿನ್ನ ಬಾಯಿ ಸುಮ್ಮನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಮಾರಾಯ್ತಿ," ಎಂದು ಗಂಡ ಗೊಣಗುತ್ತಾರೆ. "ಆ ಮಗುಗೆ ಗೊತ್ತಾಗಿತ್ತಲ್ಲ," ಎಂಬುದು ಇವರ ಉತ್ತರ.

ಹತ್ತು ಗಂಟೆಗೆ ಪುಟ್ಟಿ ತಾಯಿಯ ಸೆರಗು ಹಿಡಿದು ಬರುತ್ತಾಳೆ. ನೀರು, ಬಚ್ಚಲು, ಒಳಗೆ. ಹೊಸ ಡಬ್ಬಿ, ಬೇರೆ ಚಿತ್ರಗಳು. ತಾಯಿ ಬೆಂಚಿನ ತುದಿಯಲ್ಲಿ ಬೆರಳು ಹಿಚುಕುತ್ತ ಕೂತಿದ್ದಾರೆ.

"ಮತ್ತೆ ಕಡಿಮೆ ಬಂದ್ರೆ ಏನಕ್ಕ ಮಾಡೋದು?"

"ಬಂದ್ರೆ ಬರ್ಲಿ. ನಿಮ್ಮ ಮಗಳು ಕಡಿಮೆ ಆಗಲ್ಲ. ಕಡಿಮೆ ಬಂದ ಮಕ್ಕಳಿಗೂ ಇದೇ ಹೇಳ್ತೀನಿ ನಾನು."

ಮುಕ್ಕಾಲು ಗಂಟೆಯ ನಂತರ ಮೇಡಂ ಬಾಗಿಲು ತೆರೆಯುತ್ತಾರೆ. ಗೆರೆಗಿಂತ ಒಂಬತ್ತು ಮೇಲೆ. ಪುಟ್ಟಿ ತನ್ನ ಶಾಲೆಯಲ್ಲೇ ಇರುತ್ತಾಳೆ. ತಾಯಿ ಅಳುತ್ತಾರೆ. ಪುಟ್ಟಿಗೆ ಹಸಿವಾಗಿದೆ.

ಇನ್ನು ಹದಿನಾರು ಮಕ್ಕಳಿದ್ದಾರೆ. ಅವರದು ಮುಗಿಯುವ ತನಕ ತನ್ನನ್ನು ಕಳಿಸಬಾರದು, ಇಷ್ಟೇ ಡಬ್ಬಿಯಕ್ಕನ ಬೇಡಿಕೆ. ಗುಲಾಬಿ ಬ್ಲಾಕನ್ನು ಬಿಸಾಡಲು ಹೇಳಿದ್ದರು, ಅವರು ಬಿಸಾಡಿಲ್ಲ. ನಿನ್ನೆ ಪರೀಕ್ಷೆ ನಡೆಸಲು ಹೊಸದಾಗಿ ಬಂದ ತರುಣನ ಮುಂದೆ ಅದನ್ನು ಹಿಡಿದು, "ಇದು ಯಾವ ಬಣ್ಣ ಸಾರ್?" ಎಂದು ಕೇಳಿದರಂತೆ. ಆತ ತೆಗೆದುಕೊಂಡ, ತಿರುಗಿಸಿದ, ಬಾಯಿ ತೆರೆದ, ಮುಚ್ಚಿದ.

"ಥಟ್ಟನೆ ಹೇಳದೆ ಅಷ್ಟು ತಡವರಿಸಿದ್ರಲ್ಲ, ಮಕ್ಕಳ ಮುಂದೆ ಕೂರೋಕೆ ಅದು ಸಾಕಾಯ್ತು," ಅನ್ನುತ್ತಾರೆ ಡಬ್ಬಿಯಕ್ಕ. "ಕುರ್ಚಿ ಒರೆಸಿ ಕೊಟ್ಟೆ."